ತಗ್ಗಿನೊಳಗಿನ ಲೆಕ್ಕ

ದಿವೆ ಘಾಟ ಏರಿ, ಸಾಸವಡದ ಸೀತಾಫಲದ ತ್ವಾಟ ದಾಟಿದ ಮ್ಯಾಲ
ಗುಡ್ಡಕ್ಕ ಬೆನ್ನ ಕೊಟ್ಟು ಒಂದು ತಗ್ಗು.
ಅದರಾಗ ನಾನು, ಒಂದು ಡಬ್ಬಿ ಗೋಂದು,
ಕರೀದು ಬಿಳೀದು ಕಾಗದದ ಚೂರು.
ಹತ್ತೊಂಬತ್ತು ವರ್ಷ ಆತು,
ಮಂದಿ ಹೊಡದ ತೂತಿಗೆ ತ್ಯಾಪಿ ಹಚ್ಚೂದು ನನ್ನ ಕಸಬು.

ಬಂದೂಕಿನ ಮುಖ ನನಗ ಕಾಣಂಗಿಲ್ಲ.
ಮೊದಲ ತಲಿ ಮ್ಯಾಲ ಚಟ್ ಅಂತದ, ಒಣಾ ಕಡ್ಡಿ ಮುರದಂಗ;
ಒಂದುಸುರು ಬಿಟ್ಟು, ದೂರದಿಂದ ಧಡ್.
ಗುಂಡು ಬಂದು ಹೋದ ಮ್ಯಾಲ ಬರೂದು ಅದರ ಸುದ್ದಿ.

ಕ್ಯಾಂಟೀನಿನ್ಯಾಗ ಚಾ ಕುಡಕೋತ
ಎಲ್ಲಾರೂ ಹೆಬ್ಬೆಟ್ಟಿನ ಉಗುರಿಗೇ ಹೊಡೀತಾರ.
ಆರುನೂರು ಮೀಟರಿಗೆ ಉಗುರು, ಒಂಬತ್ತುನೂರಕ್ಕ ಎಂಟಾಣೆ.
"ಗಾಳಿ ಇಲ್ಲಂದ್ರ" ಅಂತ ಒಂದು ಮಾತು ಸೇರಿಸ್ತಾರ.
ಹತ್ತೊಂಬತ್ತು ವರ್ಷದಾಗ ಗಾಳಿ ಇಲ್ಲದ ದಿನ
ನಾ ಎರಡ ನೋಡೇನಿ.
ಅದರಾಗ ಒಂದು ದಿನ ರೇಂಜಿಗೆ ಸೂಟಿ ಇತ್ತು.

ಹೃಷಿಕೇಶ ನಿಂಬಾಳ್ಕರನ ಪಾಕೀಟಿನ್ಯಾಗ ಒಂದು ಕಾಗದ ಅದ,
ನಾಲ್ಕು ಮಡಿಕಿ.
ಮೂರು ತೂತು, ಒಂದರ ಹೆಗಲ ಮ್ಯಾಲ ಒಂದು ಕೈ ಇಟ್ಟಂಗ.
ಹೆಣ್ಣು ನೋಡಾಕ ಹೋದಾಗೂ ತೋರಿಸಿದ್ದನಂತ.
ಆ ದಿನ ಅಂವ ಹೊಡದದ್ದು ಅರವತ್ತು.
ಉಳದ ಐವತ್ತೇಳು ನನ್ನ ಕಡೆ ಅದಾವ, ತ್ಯಾಪಿ ಕೆಳಗ.
ನಾ ಹೇಳಿಲ್ಲ. ಹೇಳಬಾರದಂತಲ್ಲ,
ಯಾರೂ ಕೇಳಿಲ್ಲ.

ಅವನ್ನ ಸುಳ್ಳುಗಾರ ಅನ್ನಂಗಿಲ್ಲ ನಾ. ಮೂರೂ ಖರೇನ ಅದಾವ.
ಒಮ್ಮೊಮ್ಮೆ ಹಂಗ ಕೂಡತಾವ,
ಸಂತ್ಯಾಗ ಮೂರು ಮಂದಿ ಬೀಗರು ಅಕಸ್ಮಾತ ಕೂಡಿದಂಗ.
ಅದನ್ನ ನೋಡಿ ಸಂತಿ ತುಂಬ ಬೀಗರಂದ್ರ ಹೆಂಗ?

ನನ್ನ ಲೆಕ್ಕ ಅಡಗಿಮನಿದು.
ಚಲೋ ಬಂದೂಕು, ಚಲೋ ತೋಟಾ, ಸರಿ ಉಸುರು, ಎಲ್ಲಾ ಕೂಡಿದ್ರ
ಮುನ್ನೂರಕ್ಕ ಒಂದು ಪೂರಿ, ಆರುನೂರಕ್ಕ ಚಪಾತಿ,
ಒಂಬತ್ತುನೂರಕ್ಕ ನಮ್ಮ ಅಕ್ಕಲಕೋಟಿ ಕಡೆ ಜ್ವಾಳದ ರೊಟ್ಟಿ.
ಬಾವುಟ ಒಂದೀಟು ಬಾಲ ಆಡಿಸ್ತಂದ್ರ
ರೊಟ್ಟಿ ಮೊಳ ಸರೀತದ:
ಹಂಚು ಇಲ್ಲಿ, ರೊಟ್ಟಿ ಅಲ್ಲಿ.

ಪೆರಿನ್ ಕಾಂಗಾ, ಕ್ಯಾಂಪಿನ್ಯಾಗ ಗಡಿಯಾರ ರಿಪೇರಿ,
ಅರವತ್ತೊಂಬತ್ತು ವಯಸ್ಸು.
ಮದ್ದು ತಾನ ತೂಗಿ, ತೋಟಾ ತಾನ ತುಂಬತಾಳ.
ಕಾರ್ತೀಕದ ಒಂದು ರವಿವಾರ ವಾಕಿಟಾಕಿನ್ಯಾಗ ಅಂದಳು:
"ಭಾವೂ, ಒಂಬತ್ತುನೂರು. ಹತ್ತು ಗುಂಡು.
ನಂದು ಒಂದು ಮೊರದಷ್ಟು."
ಅಷ್ಟು ದೊಡ್ಡದಾ? ಹಿಂದಿಂದ ಯಾರೋ ನಕ್ಕರು.

ಚಟ್. ಧಡ್.
ಒಂಬತ್ತು, ರೊಟ್ಟಿಯೊಳಗ.
ಹತ್ತನೇದು ಒಂದು ಗೇಣು ಆಚೆ, ಮೊರದ ಅಂಚಿಗೆ.

"ಅದನ್ನ ಬಿಡ್ರಿ ಬಾಯಿ, ಜಾರಿದ್ದು" ಅಂದ ನಿಂಬಾಳ್ಕರ.
ವಾಕಿಟಾಕಿ ಸ್ವಲ್ಪ ಹೊತ್ತು ಬರೇ ಗುರುಗುಟ್ಟಿತು.
"ಅದೂ ನಂದs" ಅಂದಳು.

ಆಮ್ಯಾಲ ನಡಕೋತ ತಗ್ಗಿಗೆ ಇಳದಳು, ಮೊಣಕಾಲು ಹಿಡಕೊಂಡು.
ಗಡಿಯಾರದ ಮಾಪು ತಗದು, ದೂರದ ತೂತಿಂದ ದೂರದ ತೂತಿಗೆ
ಅಳದು ಪುಸ್ತಕದಾಗ ಬರಕೊಂಡಳು.
ಹನ್ನೊಂದು ವರ್ಷದ ಅಂಕಿ. ಯಾವದರ ಸುತ್ತೂ ಗೆರಿ ಇಲ್ಲ.
"ನಿಮ್ಮ ಅಂದಾಜ ಏನಿತ್ತು?" ಕೇಳಿದಳು.
ಹತ್ತೊಂಬತ್ತು ವರ್ಷದಾಗ ಮೊದಲನೇ ಮಂದಿ.
ನನ್ನ ಬಾಯಿ ಒಣಗಿತ್ತು. "ಮೊರ" ಅಂದೆ.
ಹತ್ತಕ್ಕೂ ಅಷ್ಟಷ್ಟ ಗೋಂದು ಹಚ್ಚಿದೆ.

ಹಡಪಸರದ ಮನಿಗೆ ದಿನಾ ಫೋನಿನ್ಯಾಗ ಹೇಳತಿದ್ದೆ:
"ಆರಕ್ಕ ಬರತೇನಿ."
ಅವತ್ತ ಅಂದೆ, "ಆರರಿಂದ ಎಂಟೂವರಿ ಒಳಗ."
ಘಾಟಿನ್ಯಾಗ ಈರುಳ್ಳಿ ಟ್ರಕ್ಕು ಅಡ್ಡ ಬಿದ್ದಿತ್ತು.
ಎಂಟೂ ಇಪ್ಪತ್ತಕ್ಕ ಬಾಗಲಾ ತಗದಾಕಿ
ಒಂದು ಗಳಿಗಿ ನನ್ನ ಮಾರಿ ನೋಡಿ ಅಂದಳು:
"ಇವತ್ತ ಹೇಳಿದ ಯಾಳೇಕ್ಕ ಬಂದ್ರಿ."