ಬಾಯಿಗೆ ಮಣ್ಣು

ನಮ್ಮ ಕಡೆ ಬಾಯಿಗೆ ಮಣ್ಣು ಹಾಕುವುದು ಬೈಗುಳ.
ಗೆಂಗ್ ಶ್ಯೂಜಿಯ ಊರಲ್ಲಿ
ಮಕ್ಕಳ ಬಾಯಿಗೆ ಮಣ್ಣಿನ ನಾಯಿ ಕೊಡುತ್ತಾರೆ.
ಬೆನ್ನಿಗೊಂದು ತೂತು, ಬಾಲಕ್ಕೊಂದು ತೂತು,
ಊದಿದರೆ ಗೂಬೆಯ ಹಾಗೆ ಒಂದೇ ಸ್ವರ.
ರೋಗ ಹೆದರಿ ಓಡುತ್ತದಂತೆ.

ಬೆಂಡಿಗೊ. ಆಸ್ಪತ್ರೆಯ ಲಾಂಡ್ರಿಯಲ್ಲಿ
ನಮ್ಮಿಬ್ಬರದೂ ರಾತ್ರಿ ಪಾಳಿ.
ಹಾಸುಬಟ್ಟೆ ಮಡಿಸುತ್ತ ಹೇಳಿದಳು,
ಅರ್ಧ ಹರಕು ಇಂಗ್ಲಿಷಿನಲ್ಲಿ, ಅರ್ಧ ಕೈಯಲ್ಲಿ:
ಪ್ರಳಯ ಇಳಿದ ಮೇಲೆ ಒಬ್ಬ ತಾಯಿ
ಮಣ್ಣು ಕಲಸಿ ಮನುಷ್ಯರನ್ನು ಮಾಡಿದಳು,
ಮಿಕ್ಕ ಮಣ್ಣಲ್ಲಿ ಕೋಳಿ, ನಾಯಿ.
ಅದಕ್ಕೇ ನಾಯಿಗೆ ಮೈಯೆಲ್ಲ ಕಪ್ಪು,
ಇನ್ನೂ ಬೆಳಕಾಗದ ಹೊತ್ತಿನ ಬಣ್ಣ.
ಮೇಲೆ ಕೆಂಪು, ಹಳದಿ, ಹಸಿರು ಚುಕ್ಕಿ,
ಎದೆಯಲ್ಲೊಂದು ಗೆರೆಗೆರೆಯ ಬಾಗಿಲು.
ಅದೇನು ಎಂದೆ.
ನಕ್ಕು ಹೊಟ್ಟೆ ಮುಟ್ಟಿಕೊಂಡಳು:
ನೀನೂ ನಾನೂ ಬಂದ ದಾರಿ.

ಅವಳ ಹಿತ್ತಿಲಲ್ಲಿ ಮಣ್ಣಿಗೇನು ಬರ?
ಮಣ್ಣು ಅಗೆದು ಅಗೆದೇ ಊರಾದ ಊರು.
ಅವಳ ದೇಶದವರೂ ಹಡಗಿಳಿದು ಇಲ್ಲಿ
ಚಿನ್ನಕ್ಕೆ ಜರಡಿ ಹಿಡಿದವರು.
ಒಂದು ಬಕೆಟ್ ಕಲಸಿ, ನಾದಿ,
ಪಕ್ಕದ ಮನೆಯ ಮಕ್ಕಳಿಗೆಂದು
ನಾಲ್ಕು ನಾಯಿ ಬಿಸಿಲಿಗಿಟ್ಟಳು.
ಬೇಲಿಯಾಚೆಯ ಡಾರಿಲ್ ಮೆಲ್ಲಗೆ ಹೇಳಿದ:
ಇದೆಲ್ಲ ಹಳೆಯ ಗಣಿಯ ಕಸ, ಆರ್ಸೆನಿಕ್ ಇದೆ,
ಬಾಯಿಗೆ ಬೇಡ.

ಈಗ ಮೆಲ್ಬರ್ನಿನಿಂದ ಚೀಲ ತರಿಸುತ್ತಾಳೆ,
ಹತ್ತು ಕಿಲೋ, ಕಲ್ಲಿಲ್ಲದ್ದು, ಬೇರಿಲ್ಲದ್ದು,
ವಾಸನೆಯೂ ಇಲ್ಲದ್ದು.
ರಸೀದಿ ನೋಡಿ, ಮಣ್ಣಿಗೂ ದುಡ್ಡಾ ಎಂದೆ.
ಆ ನಾಯಿಗಳೇನೋ ಚೆನ್ನಾಗಿಯೇ ಕೂಗುತ್ತವೆ.
ನನ್ನ ಮಗಳದ್ದು ಬಸ್ಸಿನಲ್ಲಿ ಕೂಗಿ
ಡ್ರೈವರು ಹಿಂದಿರುಗಿ ನೋಡಿದ್ದ.

ಏಪ್ರಿಲ್. ಇಲ್ಲಿ ಎಲೆ ಉದುರುವ ಕಾಲ.
ಅವಳ ಲೆಕ್ಕದಲ್ಲಿ ವಸಂತ, ಗೋರಿ ಗುಡಿಸುವ ದಿನ.
ವೈಟ್ ಹಿಲ್ಸ್ ಸ್ಮಶಾನದ ಆ ಮೂಲೆಯಲ್ಲಿ
ಮಳೆಗೆ ಅಕ್ಷರ ಸವೆದ ಕಲ್ಲುಗಳ ಸಾಲು,
ಅವಳಿಗೂ ಓದಲು ಬರಲಿಲ್ಲ.
ಕೈಚೀಲದಿಂದ ಒಂದು ನಾಯಿ ತೆಗೆದಳು.
ಹಿತ್ತಿಲ ಮಣ್ಣಿನದೇ, ಗುರುತು ಸಿಕ್ಕಿತು,
ಕಪ್ಪಿನಡಿಯಿಂದ ಇಣುಕುವ ಆ ಹಳದಿ ಹರಳು.
ತಿರುಗಿಸಿ ನೋಡಿದೆ. ತೂತೇ ಇಲ್ಲ.

ಊದುವವರು ಯಾರು, ಎಂದಳು.
ಒಂದು ಕಲ್ಲಿಗೆ ಒರಗಿಸಿ, ಬಿದ್ದೀತೆಂದು
ಕಾಲಿನ ಬುಡಕ್ಕೆ ಚೂರು ಮಣ್ಣು ಒತ್ತಿದಳು.
ಆಮೇಲೆ ನಲ್ಲಿ ಹುಡುಕಿ
ಇಬ್ಬರೂ ಎರಡೆರಡು ಸಲ ಕೈ ತೊಳೆದೆವು.
ಉಗುರ ಸಂದಿಯದು ಹೋಗಲಿಲ್ಲ.
ಹಾಗೆಯೇ ಪಾಳಿಗೆ ಹೋದೆವು,
ಬಿಳಿ ಹಾಸುಬಟ್ಟೆ ಮಡಿಸಲು.