ಮರಕುಯಾ

ಡ್ರಮ್ಮಿನ ಮೇಲೆ ಹಾಗೇ ಬರೆದಿತ್ತು, ದಪ್ಪಕ್ಷರದಲ್ಲಿ.
ನಾನು ಓದಿಕೊಂಡದ್ದು ನನ್ನ ಭಾಷೆಯಲ್ಲಿ:
ಮರ ಕುಯ್ಯಾ.
ಯಾರಿಗೆ ಹೇಳಿದ್ದು? ಯಾವ ಮರ?
ತಳೋಜದ ನಮ್ಮ ಬಾಂಡ್ ಗೋದಾಮಿನಲ್ಲಿ ಮರವೆಂದರೆ
ಡ್ರಮ್ಮು ಕೂರಿಸಿದ ಹಲಗೆ ಮಾತ್ರ,
ಅದಕ್ಕೂ, ಕಾಯಿಸಿ ಹುಳ ಕೊಂದದ್ದಕ್ಕೆ ಮುದ್ರೆ.

ಕಂಟೇನರಿಗೆ ಎಂಬತ್ತು ಡ್ರಮ್ಮು.
ಗ್ವಾಯಾಕಿಲ್ ಬಿಟ್ಟು ಮೂವತ್ತೊಂಬತ್ತು ದಿನ,
ನ್ಹಾವಾ ಶೇವಾದಲ್ಲಿ ಇನ್ನಾರು ದಿನ,
ದಿನಕ್ಕಿಷ್ಟು ಡಾಲರೆಂದು ಹಡಗಿನವರ ಮೀಟರು.
ಕಪಾಡಿಯಾ ಸೇಠ್ ಫೋನಿನಲ್ಲೇ ಬೆವರುತ್ತಾರೆ.
ಚಾಕಣದ ಮೊಸರಿನ ಫ್ಯಾಕ್ಟರಿಗೆ ಸೋಮವಾರ ಬೇಕೇ ಬೇಕು,
ಡಬ್ಬಿ ಮುಚ್ಚಳದ ಮೇಲೆ ಹಣ್ಣಿನ ಚಿತ್ರ
ಆಗಲೇ ಅಚ್ಚಾಗಿ ಕೂತಿದೆ.

ನನ್ನ ಕೆಲಸ ಚಿಕ್ಕದು.
ಒಂದು ಹನಿ ಗಾಜಿನ ಮೇಲಿಟ್ಟು, ಕೊಳವೆ ಕಣ್ಣಿಗೆ ಹಿಡಿದು
ಕಿಟಕಿಯ ಬೆಳಕಿಗೆ ತಿರುಗುವುದು.
ನೀಲಿ ಬಿಳಿ ಕೂಡುವ ಗೆರೆ ಹದಿನಾಲ್ಕರ ಮೇಲೆ ನಿಂತರೆ
ಸಿಹಿ ಸರಿ.
ಹುಳಿಗೆ ಬೇರೆ ಕಡ್ಡಿ.
ಆಮೇಲೆ ಹತ್ತು ಗ್ರಾಂ ಬಿಳಿ ತಟ್ಟೆಗೆ ಸವರಿ
ಕರಿ ಚುಕ್ಕೆ ಎಣಿಸುವುದು. ಐದರ ತನಕ ಮಾಫಿ.
ಒಂಬತ್ತು ವರ್ಷದಲ್ಲಿ ಹದಿನೇಳು ಹಣ್ಣು ನೆಕ್ಕಿದ್ದೇನೆ,
ಹನ್ನೊಂದರ ಸಿಪ್ಪೆ ಹೇಗಿರುತ್ತದೋ ತಿಳಿಯದು.
ಪನವೇಲ್ ಲೋಕಲ್ಲಿನಲ್ಲಿ ಪಕ್ಕದವಳು ಕೇಳುತ್ತಾಳೆ, ಏನು ಕೆಲಸ?
ಹಣ್ಣಿನದು ಅಂದರೆ,
ವಾಶಿ ಮಾರ್ಕೆಟ್ಟಾ? ಆಪೂಸು ಡಜನಿಗೆ ಎಷ್ಟು?

ಸರಕಾರದವರು ಬಂದು ನಲವತ್ತೇಳನೆಯದನ್ನು ಬಿಚ್ಚಿದರು.
ಬೆಳ್ಳಿ ಚೀಲದ ಬಾಯಿ ತೆರೆದು ಎರಡು ಬಾಟಲಿ ತುಂಬಿ
ಅರಗು ಒತ್ತಿ ಒಯ್ದರು.
ಉಳಿದದ್ದು ಇನ್ನೂರ ಹದಿನೈದು ಕಿಲೋ.
ಒಮ್ಮೆ ಗಾಳಿ ಕಂಡದ್ದು ಗಾಳಿಯದ್ದೇ.
ಮೂರನೆಯ ದಿನ ಬುರುಗು, ಐದನೆಯ ದಿನ ಹೆಂಡ.
ಕಾಗದದಲ್ಲಿ ಅದರ ಹೆಸರು ‘ನಾಶ’.

ಲೋಡಿಂಗಿನ ಪದಾಜಿ ಮ್ಹಾತ್ರೆ ಬಂದು ನಿಂತ,
ಕೈಯಲ್ಲಿ ಖಾಲಿ ಡಬ್ಬಿ. ಏನೂ ಕೇಳಲಿಲ್ಲ.
ನಾನೂ ಏನೂ ಹೇಳಲಿಲ್ಲ, ರಿಜಿಸ್ಟರು ಬರೆಯುತ್ತ ಕೂತೆ.
ಅವನ ಹಿಂದೆ ಇಸರಾರ್, ಅವನ ಹಿಂದೆ ಗುಡಿಸುವ ಶೇವಂತಾಬಾಯಿ,
ತೊಳೆದ ಪೇಂಟಿನ ಬಕೆಟ್ಟು, ನೀರಿನ ಕ್ಯಾನು,
ಯಾರ ಮಗುವಿನದೋ ಸ್ಕೂಲಿನ ಬಾಟಲಿ, ಮೇಲೊಂದು ಆನೆ.
ಸಂಜೆ ಆರಕ್ಕೆ ಚೀಲ
ಕರೆದು ಮುಗಿದ ಕೆಚ್ಚಲಂತೆ ಜೋತುಬಿದ್ದಿತ್ತು.

ಮರುದಿನ ಪದಾಜಿ ಊಟದ ಡಬ್ಬಿ ನನ್ನ ಕಡೆ ಸರಿಸಿದ.
ಬಾಂಗಡೆ ಸಾರು, ಬಣ್ಣ ಅರಿಸಿನಕ್ಕಿಂತ ಒಂದು ಕೈ ಮೇಲು.
‘ಆಯಿ ಕೋಕಮ್ ಹಾಕಲಿಲ್ಲ, ಮೇಡಂ, ಇದನ್ನೇ ಸುರಿದಳು.
ಹುಳಿ ಹುಳಿಯೇ, ಎಲ್ಲಿಂದ ಬಂದರೇನು ಅಂದಳು.’
ನಾನು ಸಸಿಹಿತ್ಲಿನವಳು,
ಬಂಗುಡೆಯ ವಿಷಯದಲ್ಲಿ ಸುಲಭಕ್ಕೆ ಒಪ್ಪುವವಳಲ್ಲ.
ಅನ್ನಕ್ಕೆ ಕಲಸಿ ಬಳಿದು ತಿಂದೆ.
ಹಲ್ಲಿಗೆ ಏನೋ ಸಿಕ್ಕಿತು. ಮುಳ್ಳು ಅಂದುಕೊಂಡೆ.
ಬೆರಳ ಮೇಲೆ ತೆಗೆದು ನೋಡಿದರೆ ಬೀಜ.
ಕರಿದು, ಇಡಿಯದು.
ಅಲ್ಲಿನ ಜರಡಿ ದಾಟಿ, ಎರಡು ಸಮುದ್ರ ದಾಟಿ,
ಆಯಿಯ ಒಗ್ಗರಣೆಯನ್ನೂ ದಾಟಿ ಬಂದದ್ದು.

ನಮ್ಮ ಫಾರಮಿನಲ್ಲಿ ಒಂದು ಅಂಕಣವಿದೆ: ‘ಹೊರವಸ್ತು’.
ಕಲ್ಲು, ಕೂದಲು, ಕಬ್ಬಿಣದ ಚೂರು, ಬೀಜ.
ಹಣ್ಣಿನ ಒಡಲಲ್ಲೇ ಇದ್ದದ್ದು
ಹಣ್ಣಿಗೇ ಹೊರಗಿನದು.
ಬರೆಯಬೇಕಿತ್ತು. ಆದರೆ ನಾಶವಾದ ಡ್ರಮ್ಮಿಗೆ ಫಾರಮಿಲ್ಲ.

ಬೆಂದ ಬೀಜ ಮೊಳೆಯುವುದಿಲ್ಲ, ಗೊತ್ತು.
ಆದರೂ ರೈಲಿನ ಟಿಕೆಟ್ಟಿನಲ್ಲಿ ಸುತ್ತಿ ಪರ್ಸಿಗೆ ಹಾಕಿದೆ.
ಆಮೇಲೆ ಯಾರೋ ಹೇಳಿದರು, ಅದು ಮರವೇ ಅಲ್ಲವಂತೆ,
ಬೇಲಿಗೆ ಹಬ್ಬುವ ಬಳ್ಳಿಯಂತೆ.

ರಿಪೋರ್ಟು ಇನ್ನೂ ಬಂದಿಲ್ಲ. ಸೋಮವಾರ ಹೋಯಿತು.
‘ಮುಂದಿನ ಕಂಟೇನರು ಯಾವುದು, ಮೇಡಂ?’
ಪೀಚು ಅಂದೆ, ಗ್ರೀಸಿನದು.
‘ಹುಳಿಯಾ? ಆಯಿ ಕೇಳುತ್ತಿದ್ದಾಳೆ.’
ಇಲ್ಲ, ಸಿಹಿ.
ಅವನ ಮುಖ ಸಪ್ಪೆಯಾಯಿತು.