ಎಲಿಗೆ ಸುಣ್ಣ

ನವಲೂರಿನ ನಮ್ಮ ಪೇರಲ ಗಿಡ
ಹೋದ ವರ್ಷ ತಾಮ್ರದ ತಂಬಿಗಿ ಬಣ್ಣಕ್ಕ ತಿರುಗಿದ್ವು.
ಎಲಿ ಸಣ್ಣು, ಟೊಂಗಿ ತುದಿ ಒಣಗಿದ್ದು,
ಹಣ್ಣು ನೋಡಿದ್ರ ಲಿಂಬಿಹಣ್ಣಿಗೆ ತಮ್ಮ.
ಬುಟ್ಟಿ ಇಟಗೊಂಡು ಹೆದ್ದಾರಿ ಬದಿ ಕುಂತರ
ಬಸ್ಸು ನಿಂತರೂ ಕಿಡಕಿ ತೆರೀಲಿಲ್ಲ.

ಕೃಷಿ ಕಾಲೇಜಿನ ಹುಡುಗಿ ಬಂದ್ಳು.
ಎಲಿ ಹರದು ಬೆಳಕಿಗೆ ಹಿಡದು ಅಂದ್ಳು:
"ಸತುವು ಮಣ್ಣಾಗ ಐತ್ರಿ, ಮಣ್ಣು ಬಿಡವಲ್ದು.
ಬೇರಿಗೆ ಕೇಳಬ್ಯಾಡ್ರಿ, ಎಲಿಗೇ ಉಣಸ್ರಿ."
ಚೀಟಿ ಬರದು ಕೊಟ್ಳು:
ನೂರು ಲೀಟರ್ ನೀರಿಗೆ ಅರ್ಧ ಕಿಲೋ ಜಿಂಕ್ ಸಲ್ಫೇಟು,
ಎಲಿ ಸುಡಬಾರದಂತ ಕಾಲು ಕಿಲೋ ಸುಣ್ಣ.

ಸುಣ್ಣ ಅಂದಕೂಡ್ಲೆ
ಕಟ್ಟಿ ಮ್ಯಾಲ ಕುಂತ ನಮ್ಮತ್ತಿ ಬಾಳವ್ವ ಕಿವಿ ನಿಗರಿಸಿದ್ಳು.
ಅರವತ್ತು ವರ್ಷ ಎಲಿಗೆ ಸುಣ್ಣ ಹಚ್ಚಿದಾಕಿ.
"ಹೆಚ್ಚಾತಂದ್ರ ನಾಲಗಿ ಸೀಳತೈತಿ,
ಕಡಿಮ್ಯಾತಂದ್ರ ಕೆಂಪ ಬರೂದಿಲ್ಲ.
ಇದಕ್ಯಾಕವಾ ಚೀಟಿ?"

ಆದ್ರೂ ಸುಣ್ಣ ರಾತ್ರಿ ನೆನಸಿದಾಕಿ ಅಕಿನ,
ಹಳೇ ಪತ್ತಲದಾಗ ಎರಡು ಸಲ ಸೋಸಿದಾಕಿ ಅಕಿನ.
(ಹರಳು ಉಳದ್ರ ನಾಜಲ್ ಕಟ್ಟತೈತಿ,
ಇದು ಚೀಟ್ಯಾಗ ಇರಲಿಲ್ಲ.)

ಹೊತ್ತು ಹುಟ್ಟೂಕಿಂತ ಮೊದ್ಲ, ಗಾಳಿ ಇನ್ನಾ ಏಳೂಕಿಂತ ಮೊದ್ಲ
ಮೌಲಾಸಾಬ ಪಂಪು ಬೆನ್ನಿಗೇರಿಸಿದ.
"ಬರೇ ಮ್ಯಾಲ ಹೊಡಿಬ್ಯಾಡೋ,
ಎಲಿಗೆ ಬಾಯಿ ಕೆಳಗ ಇರತಾವಂತ!"
ಅವ ಬಗ್ಗಿ, ಗಿಡದ ಸೆರಗಿನಾಗ ತಲಿ ಹಾಕಿ,
ಕೂಸಿಗೆ ಒಳ್ಳ್ಯಾಗ ಹಾಲು ಹಾಕಿದಂಗ
ಸಣ್ಣಗ ಮಂಜು ಬಿಟ್ಟ.
ಎಲಿ ತೊಯ್ದ್ವು, ಹನಿ ಇಳೀಲಿಲ್ಲ.
ತ್ವಾಟ ಗಪ್ಪಾತು.
ಉಣ್ಣಾಕತ್ತವರು ಮಾತಾಡೂದಿಲ್ಲಲ್ಲ.

ಕಡೀ ಸಾಲಿಗೆ ಬರೂದ್ರಾಗ ಡ್ರಮ್ ಖಾಲಿ.
ಹನ್ನೊಂದು ಗಿಡ ಉಪವಾಸ ಉಳದ್ವು.
ಮುಂದ ಹೂ ಬಿಡೂಕಿಂತ ಮೊದ್ಲ ಬೋರಾನ್ ಹೊಡದಾಗೂ
ಆ ಸಾಲು ಬಿಟ್ಟಿವಿ, ಬೇಕಂತನ.
ನೋಡೂಣಂತ.

ಛಟ್ಟಿ ಅಮಾಸಿಗೆ ಹಣ್ಣು ಬಂತು,
ಒಂದ ಕೈಯಾಗ ಒಂದ.
ನಮ್ಮ ತಕ್ಕಡಿಗಿಂತ ಮೊದ್ಲ ಗಿಳಿ ತೂಗಿದ್ವು:
ಕಡೀ ಸಾಲಿನ ಮ್ಯಾಗಿಂದ ಹಾರಿ ಬಂದು,
ಅಲ್ಲಿ ಕೂಡದ,
ಸತುವು ಉಂಡ ಗಿಡಕ್ಕನ ಮುಕುರಿದ್ವು.
ಮೌಲಾಸಾಬ ಡಬ್ಬಿ ಬಡಿಯಾಕ ಎದ್ದ.
"ಹತ್ತು ಹಣ್ಣು ಬಿಡೋ," ಅಂದ್ಳು ಅತ್ತಿ,
"ಪರೀಕ್ಷಾ ಮಾಡಾವರಿಗೆ ಫೀಜು ಬ್ಯಾಡೇನು?"

ಅಕಿಗೆ ಹಲ್ಲಿಲ್ಲ. ಚಮಚದಿಂದ ತಿರುಳು ಕೆರದು ಕೊಟ್ಟೆ.
ಚಪ್ಪರಿಸಿದ್ಳು, ಬೀಜ ಉಗುಳಿದ್ಳು,
ಚಲೋ ಅನ್ನಲಿಲ್ಲ, ಕೆಟ್ಟ ಅನ್ನಲಿಲ್ಲ.
ಸಂಚಿ ಬಿಚ್ಚಿ, ಡಬ್ಬಿ ಅಲಗಾಡಿಸಿ
ನನ್ನ ಮಾರಿ ನೋಡಿದ್ಳು:
"ನನ್ನ ಸುಣ್ಣಾನೂ ಗಿಡಕ್ಕ ಹಾಕಿಯೇನ?"